ಚಿಕ್ಕಬಾಣಾವರದಿಂದ ವೈಟ್‌ಫೀಲ್ಡ್‌ಗೆ: ಉಪನಗರ ರೈಲು ಬಂದರೆ ಸುತ್ತು ತಪ್ಪುವುದೇ?

ಪ್ರಶ್ನೆ

ನನ್ನ ಮನೆ ಚಿಕ್ಕಬಾಣಾವರದಲ್ಲಿ, ಕಚೇರಿ ವೈಟ್‌ಫೀಲ್ಡ್‌ನಲ್ಲಿ. ಯಶವಂತಪುರದವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಬಂದು, ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯುತ್ತೇನೆ. ಉಪನಗರ ರೈಲಿನಿಂದ ಈ ಸುತ್ತು ತಪ್ಪುವುದೇ? ಹಳಿಗಳು ಈಗಾಗಲೇ ಇರುವಾಗ, ಹತ್ತಿರದೂರುಗಳ ನಡುವೆ ಓಡುವ ಮೆಮು ವಿದ್ಯುತ್ ರೈಲುಗಳನ್ನೇ ಹೆಚ್ಚಿಸಿದರೆ ಸಾಲದೇ?

ಉತ್ತರ 1

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಈಗಿನ ಹಳಿಗಳ ಮೇಲೆ ದೂರದೂರಿನ ಎಕ್ಸ್‌ಪ್ರೆಸ್ ರೈಲುಗಳೂ ಗೂಡ್ಸ್ ರೈಲುಗಳೂ ಓಡುವುದರಿಂದ, ಹತ್ತು ಹದಿನೈದು ನಿಮಿಷಕ್ಕೊಂದರಂತೆ ಸ್ಥಳೀಯ ರೈಲು ಬಿಡಲು ನಡುವೆ ಬಿಡುವೇ ಸಿಗುವುದಿಲ್ಲ. ಆದ್ದರಿಂದಲೇ ಕೇಂದ್ರ ಸಂಪುಟವು 2020ರಲ್ಲಿ ಒಪ್ಪಿಗೆ ಕೊಟ್ಟ ಸುಮಾರು 148 ಕಿಲೋಮೀಟರಿನ ಯೋಜನೆಯಲ್ಲಿ ಉಪನಗರ ರೈಲಿಗೆ ಪ್ರತ್ಯೇಕ ಜೋಡಿ ಹಳಿಗಳಿವೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳ ಪೈಕಿ ಕಾಮಗಾರಿ ಮೊದಲು ಆರಂಭವಾದದ್ದು ನಿಮ್ಮ ಮಲ್ಲಿಗೆಯಲ್ಲಿ. ಇದು ಚಿಕ್ಕಬಾಣಾವರದಿಂದ ಯಶವಂತಪುರ, ಹೆಬ್ಬಾಳ, ಬಾಣಸವಾಡಿಗಳ ಮೂಲಕ ಬೈಯಪ್ಪನಹಳ್ಳಿಗೆ ಬರುವ ಸುಮಾರು 25 ಕಿಲೋಮೀಟರಿನ ದಾರಿ. ಮೆಟ್ರೊ ನಿಮ್ಮನ್ನು ಮೆಜೆಸ್ಟಿಕ್‌ವರೆಗೆ ಒಳಗೆ ಕರೆತಂದು ಮತ್ತೆ ಪೂರ್ವಕ್ಕೆ ಕಳುಹಿಸಿದರೆ, ಮಲ್ಲಿಗೆ ಉತ್ತರದ ಅಂಚಿನಲ್ಲೇ ದಾಟಿಸುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದು ನಕ್ಷೆಯ ಮಟ್ಟಿಗೆ ಸರಿ. ಆದರೆ ಮಲ್ಲಿಗೆ ಬೈಯಪ್ಪನಹಳ್ಳಿಯಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ನೇರಳೆ ಮೆಟ್ರೊವನ್ನೋ, ಅದು ಬಂದ ಮೇಲೆ ಕೆಂಗೇರಿ–ವೈಟ್‌ಫೀಲ್ಡ್ ನಡುವಿನ ಪಾರಿಜಾತವನ್ನೋ ಹಿಡಿಯಬೇಕು. ಉಪನಗರ ರೈಲಿನದು ಹಳಿಗಳ ನಡುವೆ ಹೆಚ್ಚು ಅಂತರವಿರುವ ಬ್ರಾಡ್ ಗೇಜ್, ನಮ್ಮ ಮೆಟ್ರೊದ್ದು ಅದಕ್ಕಿಂತ ಕಿರಿದಾದ ಸ್ಟ್ಯಾಂಡರ್ಡ್ ಗೇಜ್ ಆದ್ದರಿಂದ ಒಂದರ ಗಾಡಿ ಇನ್ನೊಂದರ ಹಳಿಗೆ ಎಂದಿಗೂ ಇಳಿಯದು. ಹೀಗಾಗಿ ಉಳಿದದ್ದೆಲ್ಲ ಪ್ರಯಾಣಿಕರ ಕಾಲುಗಳ ಮೇಲೆ! ಅದೇ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲೇ ಬಳಕೆಗೆ ಬಂದರೂ, ಅಲ್ಲಿಗೂ ಮೆಟ್ರೊ ನಿಲ್ದಾಣಕ್ಕೂ ನೇರ ಕೊಂಡಿಯಿಲ್ಲದೆ, ಗಂಟುಮೂಟೆ ಹೊತ್ತವರು ಆಟೊದವರೊಡನೆ ಚೌಕಾಸಿ ಮಾಡುವಂತಾಯಿತು. ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಮಳೆಯಲ್ಲಿ ನೆನೆಯದೆ ಐದು ನಿಮಿಷದಲ್ಲಿ ನಡೆದುಹೋಗುವಂತಿದ್ದರೆ ಮಾತ್ರ ಮಲ್ಲಿಗೆಯಲ್ಲಿ ಉಳಿಸಿದ ಸಮಯ ನಿಮ್ಮ ಪಾಲಿಗೆ ಉಳಿದೀತು. ಟಿಕೆಟ್ಟೂ ಒಂದೇ ಆಗಬೇಕು.

ಇನ್ನು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಕೇಳಿಬಂದ 40 ತಿಂಗಳ ಗಡುವು ಕಳೆದುಹೋಗಿದೆ ಎಂಬುದನ್ನೂ ನೆನಪಿನಲ್ಲಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಾಡಿಗೆ ಕರಾರು ಸದ್ಯದಲ್ಲೇ ಮುಗಿಯುವುದರಿಂದ, ಮಲ್ಲಿಗೆಯನ್ನು ನಂಬಿ ಇಲ್ಲೇ ಇರುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಈಗ ನೇರಳೆ ಮಾರ್ಗದ ಆಸುಪಾಸಿನಲ್ಲೇ ಮನೆ ಹುಡುಕುತ್ತೇನೆ.