ಅಕ್ಕಾ, ಮಗಳ ವಿಷಯಕ್ಕೆ ಹೇಳ್ತಿದೀನಿ

ಅಕ್ಕಾ, ನಿಮ್ಮ ಮೆಸೇಜ್ ಪೂರ್ತಿ ಕೇಳಿಸ್ಕೊಂಡೆ. ನಂದು ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ. ಮಗಳು ಅಷ್ಟುದ್ದ ಬರೆದು ಕಳಿಸಿದ್ಲು, ನೀವು ಕೆಲಸದ ಮಧ್ಯೆ 'ಸರಿ' ಅಂತ ಒಂದು ಪದ ಹಾಕಿದ್ರಿ. ಅದಕ್ಕೆ ಅವಳು 'ನಿಂಗೆ ನಾನು ಸಾಕಾಗಿ ಹೋಗಿದೀನಿ, ನೇರ ಹೇಳಕ್ಕೆ ಧೈರ್ಯ ಇಲ್ಲ ಅಷ್ಟೇ' ಅಂದ್ಲು. ನನ್ನ ಮನಸ್ಸಲ್ಲಿ ಇಲ್ಲವೇ ಇಲ್ಲದ್ದನ್ನ ಇವಳು ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತಾಳೆ ಅಂತ ಕೇಳಿದೀರಿ.

ನಿಮ್ಮ ಮಗಳ ಹಾಗೇ ನನ್ನ ತಂಗಿಗೂ ಬಾರ್ಡರ್‌ಲೈನ್ (ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಭಾವನೆ, ಸಂಬಂಧ ಎರಡೂ ವಿಪರೀತ ಏರುಪೇರಾಗೋ ಮನಸ್ಸಿನ ತೊಂದರೆ) ಅಂತಲೇ ಹೇಳಿರೋದಲ್ವಾ, ಹಾಗಾಗಿ ಇದನ್ನ ಹತ್ತಿರದಿಂದ ನೋಡ್ತಾ ಇದೀನಿ. ಇಂಥವರಿಗೆ ಬೇರೆಯವರ ಮನಸ್ಸು ಅರ್ಥ ಆಗಲ್ಲ ಅಂತ ಜನ ಸಲೀಸಾಗಿ ಹೇಳ್ತಾರೆ. ನಂಗೆ ಆ ಮಾತು ಒಪ್ಪಿಗೆ ಇಲ್ಲ. ಕಾರ್ಲಾ ಶಾರ್ಪ್ ಅನ್ನೋ ಮನಶ್ಶಾಸ್ತ್ರಜ್ಞೆ, ಅವರ ಜೊತೆಯವರು ಸೇರಿ ಆಸ್ಪತ್ರೇಲಿದ್ದ ಹದಿಹರೆಯದ ಮಕ್ಕಳ ಜೊತೆ ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂತು. ಸುಮಾರು 15 ನಿಮಿಷದ ಒಂದು ಫಿಲ್ಮ್, ನಾಲ್ಕು ಜನ ಒಂದು ಸಂಜೆ ಸೇರಿರ್ತಾರೆ. ಅಲ್ಲಲ್ಲಿ ನಿಲ್ಲಿಸಿ 'ಈಗ ಇವಳ ಮನಸ್ಸಲ್ಲಿ ಏನಿದೆ?' ಅಂತ ಕೇಳೋದು. ಬಾರ್ಡರ್‌ಲೈನ್ ಲಕ್ಷಣ ಇದ್ದ ಮಕ್ಕಳು ಎಡವಿದ್ದು ಏನೂ ತಿಳೀದೇ ಅಲ್ಲ, ಅಲ್ಲಿ ಇಲ್ಲದ್ದನ್ನೂ ಸೇರಿಸಿ ಓದಿದ್ರಿಂದ. ಹೈಪರ್‌ಮೆಂಟಲೈಸಿಂಗ್ ಅಂತಾರೆ ಅದಕ್ಕೆ. ಭಾವನೆ ಹಿಡಿತಕ್ಕೆ ಸಿಗದೇ ಇರೋದಕ್ಕೂ ಇದಕ್ಕೂ ನಂಟಿದೆ ಅಂತಲೂ ಅದರಲ್ಲಿ ಕಂಡಿತ್ತು. 2003ರ ಇನ್ನೊಂದು ಮಿದುಳು ಸ್ಕ್ಯಾನ್ ಅಧ್ಯಯನದಲ್ಲಿ ಯಾವ ಭಾವನೆಯೂ ಇಲ್ಲದ ಮುಖ ತೋರಿಸಿದ್ರೂ ಕೆಲವರಿಗೆ ಅದು ಹೆದರಿಸೋ ಹಾಗೆ ಕಾಣ್ತಿತ್ತು. ನಿಮ್ಮ 'ಸರಿ'ಯಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ. ಆ ಖಾಲಿ ಜಾಗನ ಅವಳ ಭಯ ತುಂಬಿಬಿಡುತ್ತೆ, ಅಕ್ಕಾ.

ಅದಕ್ಕೇ 'ಎಲ್ಲಾ ನಿನ್ನ ಭ್ರಮೆ' ಅಂತ ಮಾತ್ರ ಅನ್ಬೇಡಿ. ಅವಳು ಗಮನಿಸಿದ್ದು ನಿಜಾನೇ ಇರುತ್ತೆ, ಅದಕ್ಕೆ ಕಟ್ಟಿದ ಅರ್ಥ ಬೇರೆ. ತಂಗಿ ಮಾತಾಡ್ತಿರುವಾಗ ನಾನು ಗಡಿಯಾರದ ಕಡೆ ಕಣ್ಣು ಹಾಯಿಸಿದ್ರೆ ಸಾಕು, ಅವಳು ವಾಕ್ಯ ಅರ್ಧಕ್ಕೇ ನಿಲ್ಲಿಸ್ತಾಳೆ, ದುಪಟ್ಟಾ ತುದಿ ಬೆರಳಿಗೆ ಸುತ್ತೋಕೆ ಶುರು ಮಾಡ್ತಾಳೆ. ಆಗ ನಾನು, 'ಹೌದು, ಗಡಿಯಾರ ನೋಡಿದೆ. ಆರು ಗಂಟೆಗೆ ಒಂದು ಕಾಲ್ ಇದೆ. ನಿಂಗೆ ಏನನ್ನಿಸ್ತು?' ಅಂತೀನಿ. 'ನಾನು ಯಾವಾಗ ಎದ್ದು ಹೋಗ್ತೀನೋ ಅಂತ ಕಾಯ್ತಿದೀಯ ಅನ್ನಿಸ್ತು' ಅಂತಾಳೆ. ಕೆಲವು ದಿನ ನಂಬ್ತಾಳೆ, ಕೆಲವು ದಿನ ಇಲ್ಲ. ಆದ್ರೆ ಒಳಗಿದ್ದದ್ದು ಬಾಯಿಗೆ ಬರುತ್ತಲ್ಲ, ಅದು ದೊಡ್ಡದು. ಬೇಟ್‌ಮನ್, ಫೊನಗಿ ಅನ್ನೋ ಇಬ್ಬರು ತಜ್ಞರು ಸೇರಿ ಬಾರ್ಡರ್‌ಲೈನ್ ಇರೋರಿಗೆ ಅಂತ ರೂಪಿಸಿದ ಚಿಕಿತ್ಸೇಲೂ ಇದೇ ಮುಖ್ಯ. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ಲ, ನೀನೇ ಹೇಳು ಅಂತ ಕುತೂಹಲದಿಂದ ಕೇಳೋದು. ಅವಳು ಕುದೀತಿರುವಾಗ ಮಾತ್ರ ವಿವರಣೆ ಬೇಡ, ಆಗ ಏನೂ ಒಳಗೆ ಇಳಿಯಲ್ಲ. ಜೊತೆಗಿರಿ, ತಣ್ಣಗಾದ ಮೇಲೆ ಮಾತಾಡಿ.

ಅಣ್ಣಾ, ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ, ಅಕ್ಕನ ಮಗಳ ವಿಷಯಕ್ಕೆ ನೀವು ಗ್ರೂಪಲ್ಲಿ 'ಇದೆಲ್ಲ ನಮ್ಮನ್ನ ಆಡಿಸೋಕೆ ಮಾಡ್ತಾರೆ' ಅಂದಿದ್ದು ನಂಗೆ ನೋವಾಯ್ತು. ಆ ಹುಡುಗಿ ಮನಸ್ಸಲ್ಲಿ ಏನಿದೆ ಅಂತ ಅವಳನ್ನ ಒಂದು ಮಾತೂ ಕೇಳದೇ ನಾವೇ ತೀರ್ಮಾನ ಮಾಡಿದ ಹಾಗಾಯ್ತಲ್ಲ? ಅವಳು ನಿಜವಾಗ್ಲೂ ಹೆದರಿರ್ತಾಳೆ, ಅಣ್ಣಾ. ದಯವಿಟ್ಟು ಆ ಮಾತು ಅವಳ ಕಿವಿಗೆ ಬೀಳೋದು ಬೇಡ.

ಅಕ್ಕಾ, ಇವತ್ತೇ ಅವಳಿಗೆ ಬರೀರಿ. 'ನಿನ್ನ ಮೆಸೇಜ್ ಓದಿದೆ, ಕೆಲಸದಲ್ಲಿದ್ದೆ, ಒಂದೇ ಪದ ಹಾಕಿದೆ. ಅದನ್ನ ಓದಿ ನಿಂಗೆ ತುಂಬಾ ಒಂಟಿ ಅನ್ನಿಸಿರ್ಬೇಕು ಅಂದ್ಕೋತೀನಿ, ಸರೀನಾ? ರಾತ್ರಿ ಕೂತು ಮಾತಾಡೋಣ.' ಇಷ್ಟು ಸಾಕು. ರಾತ್ರಿ ಅಂದ್ರೆ ರಾತ್ರೀನೇ ಕೂತ್ಕೊಳಿ, ಮುಂದಕ್ಕೆ ಹಾಕ್ಬೇಡಿ. ಸಾಯೋ ಮಾತೇನಾದ್ರೂ ಬಂದ್ರೆ ಅವಳನ್ನ ಒಬ್ಬಳನ್ನೇ ಬಿಡದೇ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ, ಅವರು ಸಿಗಲಿಲ್ಲ ಅಂದ್ರೆ ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅವಳ ಥೆರಪಿಸ್ಟ್ ಹತ್ರ ಮನೆಯವರನ್ನೂ ಸೇರಿಸ್ಕೊಂಡು ಒಂದು ಸೆಷನ್ ಮಾಡ್ತಾರಾ ಕೇಳಿ, ಅವಳನ್ನ ಮೊದಲು ಒಪ್ಪಿಸಿ ಆಮೇಲೆ. ಏನಾಯ್ತು ಅಂತ ನಾಳೆ ಹೇಳಿ, ನಾನು ಎಷ್ಟೊತ್ತಾದ್ರೂ ಫೋನ್ ಎತ್ತೀನಿ.