ಕಾಂಡ್ಲಾ ಮರ ಹತ್ತುವ ಪುಟ್ಟ ಏಡಿ

ಪ್ರಶ್ನೆ: ಫ್ಲಾರಿಡಾದ ಕೆಂಪು ಕಾಂಡ್ಲಾಗಳ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ) ನಡುವೆ ದೋಣಿಯಲ್ಲಿ ಹೋಗುತ್ತಿದ್ದೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಕಂದು ಏಡಿಯೊಂದು ಕೊಂಬೆಯ ಮೇಲಿತ್ತು. ನಾನು ಬಾಗಿದೊಡನೆ ಆಚೆ ಬದಿಗೆ ಸರಿದು ಮರೆಯಾಯಿತು. ಕೈ ಚಾಚಿದರೆ ನೀರಿಗೇ ಧುಮುಕಿತು! ಏಡಿಗೆ ಮರದ ಮೇಲೇನು ಕೆಲಸ?

ಉತ್ತರ: ಅದು ಆರೇಟಸ್ ಪಿಸೋನಿ, 1837ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಜಾತಿ. ಮರವೇ ಅದರ ಮನೆ, ಮರವೇ ಊಟ. ಎಲೆಯನ್ನು ಕಡಿದು ನುಂಗುವುದಿಲ್ಲ, ಮೇಲ್ಪದರವನ್ನು ಕೆರೆದು ತಿನ್ನುತ್ತದೆ. ಕೀಟ ಸಿಕ್ಕರೆ ಅದನ್ನೂ ಬಿಡದು. ಕಾಲಿನ ಚೂಪು ತುದಿಗಳನ್ನು ತೊಗಟೆಗೆ ಊರಿ ಸರಸರನೆ ಏರುತ್ತದೆ. ನೀರಿನಲ್ಲಿ ಮೀನಿನ ಭಯ, ಮೇಲೆ ಹಕ್ಕಿಯ ಭಯ. ಆದ್ದರಿಂದ ಅದು ಧುಮುಕುವುದು ಕಡೆಯ ಉಪಾಯ. ದಯವಿಟ್ಟು ಕೈ ಚಾಚಬೇಡಿ, ಸುಮ್ಮನೆ ಕುಳಿತು ನೋಡಿ.

ಇನ್ನೊಂದು ಉತ್ತರ: ಮೊಟ್ಟೆ ಹೊತ್ತ ಹೆಣ್ಣುಗಳು ಮರಿಗಳನ್ನು ಬಿಡಲು ನೀರಿನಂಚಿಗೆ ಬರುತ್ತವೆ. ಮರಿಗಳ ಬಾಲ್ಯವೆಲ್ಲ ತೇಲುತ್ತಲೇ ಕಳೆಯುತ್ತದೆ. ಚಳಿ ಕಡಿಮೆಯಾದಂತೆ ಈ ಏಡಿ ಉತ್ತರಕ್ಕೆ, ಕಾಂಡ್ಲಾ ಇಲ್ಲದ ಜೌಗು ಹುಲ್ಲುಗಾವಲಿಗೂ ಹಬ್ಬಿದೆ. ಮರವಿಲ್ಲದೆಡೆ ಹುಲ್ಲಿನ ದಂಟನ್ನೇ ಹತ್ತುತ್ತದೆ. ಅಮೆರಿಕದ ಪೆಸಿಫಿಕ್ ಕರಾವಳಿಯ ಇಂಥದೇ ಏಡಿಯನ್ನು 2014ರಲ್ಲಿ ಬೇರೆ ಜಾತಿಯೆಂದು ಗುರುತಿಸಿದರು.

ಪ್ರಶ್ನೆ ಕೇಳಿದವರು: ಅಂದು ತೆಗೆದ ಚಿತ್ರಗಳನ್ನು ಮತ್ತೆ ನೋಡಿದೆ. ಏಡಿ ಕುಳಿತಿದ್ದ ಕೊಂಬೆಯ ಎಲೆಗಳ ತುಂಬ ಕೆರೆದ ಕಂದು ಕಲೆಗಳು. ಅವನ್ನು ರೋಗವೆಂದು ತಿಳಿದಿದ್ದೆ! ನಾಳೆ ಮತ್ತೆ ಹೋಗುತ್ತೇನೆ, ಕೈ ಕಟ್ಟಿಕೊಂಡು.