ಪದಚರ್ಚೆ: ಹಿಂದಿನ ಚಕ್ರ ಫ್ರೇಮಿಗೆ ಉಜ್ಜುತ್ತಾ, ಒರಸುತ್ತಾ, ತಾಗುತ್ತಾ?

ಬಲ್ಲವರಿಗೆಲ್ಲ ನಮಸ್ಕಾರ.

ಮೌಂಟನ್ ಬೈಕ್ ರಿಪೇರಿಯ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬೆಂಗಳೂರಿನ ತುರಹಳ್ಳಿ ಕಡೆ, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಸೈಕಲ್ ಹೊಡೆಯುವ ಹುಡುಗರು ಓದಲಿ ಅಂತ. ಅದರಲ್ಲಿ ಹಿಂದಿನ ಚಕ್ರ ಫ್ರೇಮಿಗೆ ಉಜ್ಜಿದರೆ ಕಾರಣ ಹುಡುಕುವುದು ಹೇಗೆ ಅನ್ನುವ ಭಾಗಕ್ಕೆ ಬಂದು ನಿಂತಿದ್ದೇನೆ. ಪದ ಸಿಗದೆ ಅಲ್ಲ. ಪದ ಜಾಸ್ತಿ ಇವೆ, ಒಂದೊಂದರ ಎಲ್ಲೆ ಎಲ್ಲಿ ಅನ್ನುವುದನ್ನು ನಿಮ್ಮನ್ನು ಕೇಳಬೇಕಾಗಿದೆ.

ಮೊದಲು ಆ ಕೆಲಸಕ್ಕೇ ಏನನ್ನಬೇಕು ನೋಡಿ. ಬೆಂಗಳೂರಿನ ಕಡೆ ಹೆಚ್ಚಾಗಿ ಕೇಳುವುದು 'ಟೈರು ಫ್ರೇಮಿಗೆ ಉಜ್ಜುತ್ತೆ' ಅಂತ. ಆದರೆ ಉಜ್ಜು ಅಂದರೆ ಉಜ್ಜುವವರು ಒಬ್ಬರು ಬೇಕು, ಅಲ್ವಾ? ಪಾತ್ರೆ ಉಜ್ಜುತ್ತೇವೆ, ಹಲ್ಲು ಉಜ್ಜುತ್ತೇವೆ. ಎಮ್ಮೆ ಮರಕ್ಕೆ ಮೈ ಉಜ್ಜುತ್ತದೆ, ಅಲ್ಲಿ ಮರಕ್ಕೆ ಚತುರ್ಥಿ ಬರುತ್ತದೆ, ಉಜ್ಜುವುದು ಮಾತ್ರ ಮೈಯನ್ನು. ಟೈರಿನ ಮಾತಿನಲ್ಲಿ ಆ 'ಮೈಯನ್ನು' ಬಿದ್ದುಹೋಗಿ ಬರೀ 'ಫ್ರೇಮಿಗೆ ಉಜ್ಜುತ್ತೆ' ಉಳಿದುಕೊಂಡಿದೆಯಾ? ಇಲ್ಲಾ ಉಜ್ಜು ತಾನಾಗಿಯೇ ಅಕರ್ಮಕ ಆಗಿಬಿಟ್ಟಿದೆಯಾ? 'ಉಜ್ಜಿಕೊಳ್ಳುತ್ತೆ' ಅನ್ನುವವರೂ ಇದ್ದಾರೆ. ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ, ಆದರೆ ಕೈಪಿಡಿಯ ತುಂಬ ಇಷ್ಟುದ್ದದ ಪದ ಹಾಕುತ್ತಾ ಹೋದರೆ ಓದಲು ಕಷ್ಟ.

ಧಾರವಾಡದ ಕಡೆಯ ಗೆಳೆಯರು 'ಗಾಲಿ ಹತ್ತತೈತಿ' ಅನ್ನುತ್ತಾರೆ. ಹತ್ತು ಅಂದರೆ ತಾಗು ಅನ್ನುವ ಅರ್ಥ. ಇದನ್ನು ಮೈಸೂರಿನವರಿಗೆ ಹೇಳಿದರೆ ಗಾಲಿ ಎಲ್ಲಿಗೆ ಹತ್ತಿತು ಅಂತ ಕೇಳುತ್ತಾರೆ.

ನಾನು ಯಾಕೆ ಇಷ್ಟು ಕೆದಕುತ್ತಿದ್ದೇನೆ ಅಂದರೆ, ಇಲ್ಲಿ ಯಾವ ಕ್ರಿಯಾಪದ ಹೇಳುತ್ತೇವೆ ಅನ್ನುವುದರಲ್ಲೇ ಅರ್ಧ ರಿಪೇರಿ ಇದೆ. ಸೈಕಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿ, ಕಿವಿ ಕೊಡಿ. ಸುತ್ತಿಗೊಮ್ಮೆ 'ಸರ್' ಅಂದು ಸುಮ್ಮನಾಗಿ ಮತ್ತೆ ಅದೇ ಜಾಗ ಬಂದಾಗ 'ಸರ್' ಅಂದರೆ ಅದು ತಾಗುವುದು. ರಿಮ್ ಒಂದು ಕಡೆ ಬೆಂಡಾಗಿರಬೇಕು, ಇಲ್ಲವೇ ಟೈರಿನ ಅಂಚು ರಿಮ್ಮಿನೊಳಗೆ ಸರಿಯಾಗಿ ಕೂರದೆ ಒಂದು ಕಡೆ ಉಬ್ಬಿರಬೇಕು. ಹಾಗಲ್ಲದೆ ಸುತ್ತು ಪೂರ್ತಿ ಬಿಡದೆ ಸದ್ದು ಬರುತ್ತಿದ್ದರೆ ಅದು ಒರಸುವುದು. 'ಬಸ್ಸು ನನ್ನನ್ನು ಒರಸಿಕೊಂಡೇ ಹೋಯಿತು' ಅನ್ನುತ್ತೇವಲ್ಲ, ಆ ಒರಸು. ಹೀಗೆ ಆದರೆ ಚಕ್ರ ಒಂದೇ ಸಮ ಇರಬಹುದು, ಆದರೆ ಇಡೀ ಚಕ್ರವೇ ಒಂದು ಪಕ್ಕಕ್ಕೆ ಸರಿದಿದೆ. ಇನ್ನು ಫ್ರೇಮಿನ ಬಣ್ಣ ಹೋಗಿ ಒಳಗಿನ ಲೋಹ ಹೊಳೆಯುತ್ತಿದ್ದರೆ ಅದು ಸವೆದಿದೆ. ಅದು ಈಗಿನದ್ದಲ್ಲ, ಬಹಳ ದಿನದಿಂದ ನಡೆದಿದೆ ಅಂತ ಅರ್ಥ. ಮಲೆನಾಡಿನ ಮಳೆಗಾಲದಲ್ಲಿ ಟೈರಿಗೂ ಫ್ರೇಮಿಗೂ ನಡುವಿನ ಸಂದಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತರೆ ಟೈರು ತಾಗದೇ ಇದ್ದರೂ ಆ ಮಣ್ಣೇ ಲೋಹವನ್ನು ತೇಯುತ್ತದೆ. ಗಂಧ ತೇಯ್ದ ಹಾಗೆಯೇ, ನಡುವೆ ನೀರು ಬೇರೆ ಇರುತ್ತದೆ. ಕಾರ್ಬನ್ ಫ್ರೇಮಾದರೆ ಇದನ್ನು ಬಿಡಲೇಬಾರದು.

ಹೀಗೆ ತಾಗು, ಒರಸು, ಸವೆ, ತೇಯು ಅಂತ ನಾಲ್ಕು ಬೇರೆ ಬೇರೆ ಕೆಲಸಕ್ಕೆ ನಾಲ್ಕು ಪದ ನಮ್ಮಲ್ಲಿವೆ. ಆದರೂ ತಾಂತ್ರಿಕ ಬರಹಗಳಲ್ಲಿ ಎಲ್ಲಕ್ಕೂ 'ಘರ್ಷಣೆ' ಅಂತ ಬರೆದು ಮುಗಿಸುತ್ತಾರೆ. ಭೌತಶಾಸ್ತ್ರದ ಪಾಠಕ್ಕೆ ಅದು ಇರಲಿ. ರಿಪೇರಿಗೆ ಕೂತವನಿಗೆ ಘರ್ಷಣೆ ಅಂದರೆ ಏನೂ ತಿಳಿಯುವುದಿಲ್ಲ. ಈ ನಾಲ್ಕನ್ನು ಮೇಲೆ ಹೇಳಿದ ಹಾಗೆ ಬೇರೆ ಮಾಡಿ ಬಳಸಿದರೆ ನಿಮ್ಮ ಊರಿನ ಕಿವಿಗೆ ಒಪ್ಪುತ್ತದೆಯೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಓರೆ, ಡೊಂಕು, ಸೊಟ್ಟ. ದಿನಬಳಕೆಯಲ್ಲಿ ಮೂರನ್ನೂ ಕಲಸಿಬಿಡುತ್ತೇವೆ. ನನ್ನ ಮಟ್ಟಿಗೆ ಓರೆ ಅಂದರೆ ವಸ್ತು ನೆಟ್ಟಗೇ ಇದೆ, ನಿಂತ ರೀತಿ ವಾಲಿದೆ. ಡೊಂಕು ಅಂದರೆ ವಸ್ತುವೇ ಬಾಗಿದೆ, ನಾಯಿ ಬಾಲ ಡೊಂಕು. ಸೊಟ್ಟ ಅಂದರೆ ಆಕಾರವೇ ಕೆಟ್ಟಿದೆ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಲ್ಲ, ಅಲ್ಲಿ ನೆಲ ಬಾಗಿರುವುದಲ್ಲ, ಏರುತಗ್ಗು. ಹಾಗಾದರೆ ಡೊಂಕಿನ ಅರ್ಥ ನಾನು ಅಂದುಕೊಂಡದ್ದಕ್ಕಿಂತ ಅಗಲವಾಗಿದೆ.

ಚಕ್ರದಲ್ಲಿ ಈ ವ್ಯತ್ಯಾಸ ತುಂಬಾ ಮುಖ್ಯ. ಅಚ್ಚು (ಆಕ್ಸಲ್) ಫ್ರೇಮಿನಲ್ಲಿರುವ ತನ್ನ ಕಚ್ಚಿನಲ್ಲಿ ಪೂರ್ತಿ ಕೂರದಿದ್ದರೆ ಚಕ್ರ ಓರೆ. ಸೈಕಲನ್ನು ನೆಲದ ಮೇಲೆ ನಿಲ್ಲಿಸಿ, ಅಚ್ಚನ್ನು ಬಿಗಿ ಹಿಡಿಯುವ ಕ್ವಿಕ್ ರಿಲೀಸ್ ಹಿಡಿಯನ್ನು ಸಡಿಲಿಸಿ, ಸೀಟಿನ ಮೇಲೆ ಭಾರ ಹಾಕಿ ಮತ್ತೆ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಏರು ಹತ್ತುವಾಗ ಎದ್ದು ನಿಂತು ಪೆಡಲ್ ತುಳಿದಾಗ ಮಾತ್ರ ಉಜ್ಜುತ್ತದೆ, ಅದೂ ಪೆಡಲಿನ ಕಡೆಯಿಂದ ಹಿಂದಿನ ಅಚ್ಚಿಗೆ ಹೋಗುವ ಎಡಗಡೆಯ ಕೆಳಗಿನ ಕೊಳವೆಗೆ ಅಂದರೆ, ಮೊದಲು ಅನುಮಾನ ಪಡಬೇಕಾದ್ದು ಅಚ್ಚಿನ ಬಿಗಿಯನ್ನು. ಚೈನು ಇರುವುದು ಬಲಗಡೆ. ಅದು ಎಳೆದಾಗ ಸಡಿಲವಾದ ಅಚ್ಚಿನ ಬಲತುದಿ ಮುಂದಕ್ಕೆ ಜಾರುತ್ತದೆ, ಚಕ್ರದ ಮುಂಭಾಗ ಎಡಕ್ಕೆ ವಾಲುತ್ತದೆ. ಮೊದಲು ಓರೆಯೇ ಇರಲಿಲ್ಲ, ತುಳಿದಾಗ ಓರೆಯಾಯಿತು. ಇದಕ್ಕೆ 'ಓರೆಬೀಳು' ಅನ್ನಬಹುದಾ?

ಡೊಂಕು ಚಕ್ರದ್ದೋ ಫ್ರೇಮಿನದ್ದೋ ಅಂತ ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಚಕ್ರ ಬಿಚ್ಚಿ, ಎಡ ಬಲ ಅದಲು ಬದಲು ಮಾಡಿ ಹಾಕಿ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಅಡ್ಡ ಬಂದರೆ ಅದನ್ನೂ ಬಿಚ್ಚಿಡಿ, ಚೈನು ಹಾಕುವುದು ಬೇಡ, ಬರೀ ನೋಡಲಿಕ್ಕೆ ಸಾಕು. ಮೊದಲು ಎಡಕ್ಕೆ ಉಜ್ಜುತ್ತಿದ್ದ ಚಕ್ರ ಈಗ ಬಲಕ್ಕೆ ಉಜ್ಜಿದರೆ ತೊಂದರೆ ಚಕ್ರದಲ್ಲಿದೆ. ಈಗಲೂ ಎಡಕ್ಕೇ ಉಜ್ಜಿದರೆ ಫ್ರೇಮಿನಲ್ಲಿದೆ. ಆಗ ಅಚ್ಚು ಕೂರುವ ಕಡೆ, ಬೆಸುಗೆಯ ಕಡೆ ಬಿರುಕು ಇದೆಯಾ ಅಂತ ಬೆಳಕು ಹಾಕಿ ನೋಡಬೇಕು.

ಇನ್ನು ರಿಮ್ಮಿನ ಡೊಂಕಿಗೆ ಅಂಗಡಿಯವರ ಮಾತು 'ಬೆಂಡ್'. ರಿಪೇರಿಗೆ 'ಬೆಂಡ್ ತೆಗಿ'. ಕೆಲವರು 'ಔಟ್ ತೆಗಿ' ಅನ್ನುವುದನ್ನೂ ಕೇಳಿದ್ದೇನೆ. ಇದನ್ನು 'ನೇರಗೊಳಿಸು' ಅಂತ ಬರೆಯಲು ನನಗೆ ಮನಸ್ಸಿಲ್ಲ, ದುಂಡಗಿನ ಚಕ್ರವನ್ನು ನೇರ ಮಾಡುವುದೆಂದರೇನು! ಬೆಂಡ್ ತೆಗಿ ಅಂತಲೇ ಇಡುತ್ತೇನೆ. ಈ ಮಾತಿನ ನಡುವೆಯೇ ಇನ್ನೊಂದು ಪ್ರಶ್ನೆ: 'ಚೆನ್ನಾಗಿ ಬೆಂಡೆತ್ತಿದರು' ಅನ್ನುತ್ತೇವಲ್ಲ, ಆ ಬೆಂಡು ಇಂಗ್ಲಿಷಿನಿಂದ ಬಂದದ್ದಾ? ಇಲ್ಲಾ 'ಬಳಲಿ ಬೆಂಡಾದ' ಅನ್ನುವಲ್ಲಿನ ನಮ್ಮ ಹಳೆಯ ಬೆಂಡಾ? ಎರಡೂ ಹೊಂದುತ್ತವೆ. ಹಳೆಯ ಬಳಕೆ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ.

ಮೂರನೆಯದು ನಿಜವಾಗಿ ತಲೆ ಕೆಡಿಸಿರುವುದು: ರಿಮ್ ನಡುವಿನಿಂದ ಸರಿದ ಚಕ್ರಕ್ಕೆ ಏನನ್ನಬೇಕು? ಹಿಂದಿನ ಚಕ್ರದಲ್ಲಿ ಬಲಗಡೆ ಗೇರಿನ ಹಲ್ಲುಗಾಲಿಗಳಿಗೆ ಜಾಗ ಬಿಡಬೇಕಾದ್ದರಿಂದ ಹಬ್ಬಿನ (ಕಡ್ಡಿಗಳು ಸೇರುವ ಚಕ್ರದ ನಡುಭಾಗದ) ಬಲ ಅಂಚು ಒಳಗೆ ಸರಿದಿರುತ್ತದೆ. ರಿಮ್ ಮಾತ್ರ ಅಚ್ಚಿನ ಎರಡು ತುದಿಗಳ ನಡುವೆ ಸರಿಯಾಗಿ ಮಧ್ಯಕ್ಕೆ ಬರಬೇಕು. ಅದಕ್ಕೇ ಬಲಗಡೆಯ ಕಡ್ಡಿಗಳು ಎಡಗಡೆಯವಕ್ಕಿಂತ ಹೆಚ್ಚು ಬಿಗಿ ಇರುತ್ತವೆ. ಈ ಲೆಕ್ಕ ತಪ್ಪಿದರೆ ಚಕ್ರದಲ್ಲಿ ಚೂರೂ ಬೆಂಡ್ ಇಲ್ಲದಿದ್ದರೂ ಒಂದೇ ಕಡೆ ಒರಸುತ್ತಾ ಹೋಗುತ್ತದೆ. ಎಡಕ್ಕೆ ಒರಸುತ್ತಿದ್ದರೆ ಬಲಗಡೆಯ ಎಲ್ಲ ಕಡ್ಡಿಗಳ ತುದಿಯ ಪುಟ್ಟ ನಟ್ಟನ್ನೂ, ಅಂದರೆ ನಿಪ್ಪಲನ್ನೂ, ಸಮನಾಗಿ ಕಾಲು ಸುತ್ತು ಬಿಗಿ ಮಾಡಿ ನೋಡಬೇಕು. ಬಲಗಡೆ ಆಗಲೇ ತುಂಬಾ ಬಿಗಿ ಇದ್ದರೆ ಎಡಗಡೆಯವನ್ನು ಅಷ್ಟೇ ಸಡಿಲಿಸಬೇಕು. ಅಂಗಡಿಗಳಲ್ಲಿ ಈ ನಡುವಿನ ಲೆಕ್ಕಕ್ಕೆ 'ಡಿಷ್' ಅನ್ನುವುದುಂಟು, ಓದುವ ಹುಡುಗರಿಗೆ ಅದು ಟಿವಿಯ ಡಿಷ್ ಅನ್ನಿಸಿದರೆ ಆಶ್ಚರ್ಯವಿಲ್ಲ. 'ಕೇಂದ್ರಚ್ಯುತಿ' ಅಂತ ಒಬ್ಬರು ಸೂಚಿಸಿದರು. ಕೈಗೆ ಗ್ರೀಸ್ ಮೆತ್ತಿಕೊಂಡು ಕೂತವರು ಆಡುವ ಮಾತಲ್ಲ ಅದು. ನಾನು ಸದ್ಯಕ್ಕೆ 'ನಡು ತಪ್ಪಿದ ಚಕ್ರ', 'ನಡುವಿಗೆ ತರುವುದು' ಅಂತ ಬರೆದಿದ್ದೇನೆ.

ಟೈರು ಅಗಲವಾಗಿ ಉಜ್ಜುವುದರ ಬಗ್ಗೆ ಪದದ ತೊಂದರೆ ಇಲ್ಲ. 2.1 ಇಂಚಿನ ಟೈರಿಗೆ ಮಾಡಿದ ಫ್ರೇಮಿಗೆ 2.4 ಇಂಚಿನದು ಹಾಕಿದರೆ ಸಂದು ಸಾಲದೆ ಹೋಗಬಹುದು, ಅಷ್ಟೆ. 'ಸಂದು' ಎಲ್ಲರಿಗೂ ಗೊತ್ತಾಗುತ್ತದೆ ಅಂದುಕೊಂಡಿದ್ದೇನೆ.

ಎತ್ತಿನಗಾಡಿ ಮಾಡುತ್ತಿದ್ದ ಬಡಗಿಗಳ ಮನೆಯವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರಿಂದ ವಿಶೇಷವಾಗಿ ಉತ್ತರ ಬೇಕು. ಅಚ್ಚು, ಕಡೆಗೀಲು ನನಗೆ ಗೊತ್ತು, ಸೈಕಲ್ಲಿಗೂ ಅಚ್ಚು ಅಂತಲೇ ಬಳಸಿದ್ದೇನೆ. ಗಾಡಿಯ ಚಕ್ರ ಅಚ್ಚಿನ ಮೇಲೆ ಸವೆದು ಅತ್ತಿತ್ತ ವಾಲಾಡಿ ಗಾಡಿಯ ಪಕ್ಕದ ಮರದ ಭಾಗಕ್ಕೆ ಉಜ್ಜುವಾಗ ಅವರು ಏನನ್ನುತ್ತಿದ್ದರು? ಆ ವಾಲಾಟಕ್ಕೆ, ಮತ್ತೆ ಚಕ್ರ ನಡು ತಪ್ಪುವುದಕ್ಕೆ ಒಂದೊಂದು ಚಿಕ್ಕ ಪದ ಸಿಕ್ಕರೆ ಹಾಗೇ ಎತ್ತಿಕೊಂಡು ಬಳಸುತ್ತೇನೆ. ಯಾವ ಊರಿನ ಮಾತು ಅಂತಲೂ ಜೊತೆಗೆ ಬರೆಯಿರಿ.